ಕಟ್ಟಿದವನು ಮೊದಲು ತಾನು ದಾಟಲಿ

(ದೇವಣಗಾಂವದಲ್ಲಿ ನಡೆದ ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ. ಸಂಚಿಕೆಯ ಓದುಗರಿಗಾಗಿ ಅಲ್ಲಲ್ಲಿ ವಿಸ್ತರಿಸಿ ಬರೆಯಲಾಗಿದೆ.)



‘ಸ್ಪರ್ಧಾತ್ಮಕ ಯುಗದಲ್ಲಿ ವಿದ್ಯಾರ್ಥಿಗಳ ಸಿದ್ಧತೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಯವರು ನನಗೆ ಪತ್ರ ಬರೆದಿದ್ದರು. ನಾನು ಆ ವಿಷಯದ ಮೇಲೆಯೇ ಮಾತನಾಡುತ್ತೇನೆ. ಆದರೆ ಅದಕ್ಕೆ ಹೋಗುವ ದಾರಿ ಸ್ವಲ್ಪ ಸುತ್ತಿನದು. ವಿಡಿಯೋ ಗೇಮಿನ ಮೂಲಕ ಹೋಗುತ್ತೇನೆ. ಇದನ್ನು ಕೇಳಿ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ಮಕ್ಕಳ ಕೈಗೆ ಮೊಬೈಲ್ ಕೊಡಿ ಎಂದು ಹೇಳಲು ನಾನು ಬಂದಿಲ್ಲ, ಗಾಬರಿಯಾಗಬೇಡಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆ ಕಣ್ಣಿನಿಂದ ನೋಡುವಾಗ ಈ ಆಟಗಳಲ್ಲಿ ನಮ್ಮ ಶಾಲೆಗಳು ಕಲಿಯಬಹುದಾದ ಒಂದು ನಿಯಮ ಕಣ್ಣಿಗೆ ಬಿತ್ತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಊರಿನ ಮಾತು. ಭೀಮಾ ದಂಡೆಯ ಉಸುಕಿನಲ್ಲಿ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು. ಮನೆಗಳನ್ನು ಕಡ್ಡಿಯಿಂದ ಗೀಚುವುದು, ಒಂಟಿಗಾಲಿನಲ್ಲಿ ಹಾರುವುದು. ದಿನವೂ ಒಂದೇ ನಕ್ಷೆ ಬೇಸರವೆಂದು ಹುಡುಗರು ಹೊಸ ಹೊಸ ನಕ್ಷೆ ಬರೆಯುತ್ತಿದ್ದರು. ಒಬ್ಬ ಜಾಣ ಎರಡು ಮನೆಗಳ ನಡುವೆ ಇಷ್ಟು ಅಂತರ ಬಿಡುತ್ತಿದ್ದ, ಯಾರಿಗೂ ಹಾರಲು ಆಗಬಾರದು. ಆಗ ಉಳಿದವರು ಒಂದೇ ದನಿಯಲ್ಲಿ ಕೂಗುತ್ತಿದ್ದರು: “ಮೊದಲ ನೀ ಹಾರಿ ತೋರಸ ಬಾ.” ಅವನು ಹಾರಿದರೆ ಆಟ ನಡೆಯುತ್ತಿತ್ತು. ಹಾರದಿದ್ದರೆ ಗೆರೆಯನ್ನು ಕಾಲಿನಿಂದ ಅಳಿಸಿ ಹತ್ತಿರ ಗೀಚುತ್ತಿದ್ದರು. ಯಾರೂ ನಮಗೆ ಈ ಕಾನೂನು ಕಲಿಸಿರಲಿಲ್ಲ.

ಇದೇ ಕಾನೂನು ಮುಂದೆ ಕೋಟಿಗಟ್ಟಲೆ ಹಣದ ಉದ್ಯಮದಲ್ಲಿ ಬಂತು ಎಂದರೆ ನಿಮಗೆ ಸೋಜಿಗವಾಗಬಹುದು. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟ ತಂದಿತು. ಕೆಂಪು ಟೊಪ್ಪಿಗೆಯ, ಮೀಸೆಯ ಮಾರಿಯೋ ಓಡುತ್ತಾನೆ, ಗುಂಡಿ ಹಾರುತ್ತಾನೆ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಾನೆ, ಕೊನೆಗೆ ಧ್ವಜದ ಕಂಬ ಮುಟ್ಟುತ್ತಾನೆ. ಹೀಗೆ ಕಟ್ಟೆ ಹಾರಿ ದಾಟುವ ಆಟಗಳಿಗೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ಆರಂಭದಿಂದ ಕಂಬದವರೆಗಿನ ಒಂದು ಓಟಕ್ಕೆ ಒಂದು ಲೆವೆಲ್ ಎಂದು ಹೆಸರು. ಮೂವತ್ತು ವರ್ಷ ಈ ಲೆವೆಲ್‌ಗಳನ್ನು ಕಂಪನಿಯ ಎಂಜಿನಿಯರರು ಕಟ್ಟಿದರು, ಮಕ್ಕಳು ಆಡಿದರು. 2015ರ ಸೆಪ್ಟೆಂಬರಿನಲ್ಲಿ ‘ಸೂಪರ್ ಮಾರಿಯೋ ಮೇಕರ್’ ಬಂತು. ಅದರಲ್ಲಿ ಆಡುವವರೇ ಲೆವೆಲ್ ಕಟ್ಟಬಹುದು, ಇಂಟರ್‌ನೆಟ್ ಮೂಲಕ ಜಗತ್ತಿಗೆ ಹಂಚಬಹುದು. 2019ರ ಜೂನ್‌ನಲ್ಲಿ ಅದರ ಎರಡನೆಯ ಭಾಗ ಬಂತು. ನಮ್ಮ ಕುಂಟೆಬಿಲ್ಲೆಯ ಉಸುಕು ಈಗ ಗಾಜಿನ ಪರದೆಯ ಮೇಲೆ ಬಂತೆಂದು ತಿಳಿಯಿರಿ.

ಹಂಚುವ ಮೊದಲು ಅಲ್ಲಿ ಒಂದು ಷರತ್ತು ಇದೆ. ಕಟ್ಟಿದವನು ತನ್ನ ಲೆವೆಲನ್ನು ತಾನೇ ಆಡಿ ಕೊನೆ ಮುಟ್ಟಿಸಬೇಕು. ಅಲ್ಲಿಯವರೆಗೆ ಯಂತ್ರವು ಅದನ್ನು ಹೊರಗೆ ಬಿಡುವುದಿಲ್ಲ. ಸ್ವೀಡನ್ನಿನ ರಾಬರ್ಟ್ ಟೋಪಾಲಾ 2013ರಲ್ಲಿ ತಂದ ‘ಜಿಯಾಮಿಟ್ರಿ ಡ್ಯಾಶ್’ ಎಂಬ ಮೊಬೈಲ್ ಆಟವನ್ನು ಇಲ್ಲಿ ಕುಳಿತಿರುವ ಕೆಲವು ಹುಡುಗರು ಬಲ್ಲಿರಿ, ತಲೆಯಾಡಿಸಿದ್ದು ನೋಡಿದೆ. ಅದರಲ್ಲಿಯೂ ಹೀಗೆಯೇ. ದಾಟಿ ತೋರಿಸದ ಲೆವೆಲ್ ಹಂಚಿಕೆಯಾಗುವುದಿಲ್ಲ.

ಇನ್ನು ಕಠಿಣತೆಯ ಲೆಕ್ಕ. ಕಟ್ಟಿದವನು ‘ಇದು ಸುಲಭ’ ಎಂದರೆ ಮಾರಿಯೋ ಮೇಕರ್ ನಂಬುವುದಿಲ್ಲ. ಎಷ್ಟು ಸಲ ಜನ ಪ್ರಯತ್ನ ಮಾಡಿದರು, ಅದರಲ್ಲಿ ಎಷ್ಟು ಸಲ ಕಂಬ ಮುಟ್ಟಿದರು ಎಂದು ಎಣಿಸಿ, ಶೇಕಡಾವಾರು ತೆಗೆದು, ಈಜಿ, ನಾರ್ಮಲ್, ಎಕ್ಸ್‌ಪರ್ಟ್, ಸೂಪರ್ ಎಕ್ಸ್‌ಪರ್ಟ್ ಎಂಬ ನಾಲ್ಕು ಗುಂಪಿನಲ್ಲಿ ಹಾಕುತ್ತದೆ. ಜಿಯಾಮಿಟ್ರಿ ಡ್ಯಾಶ್‌ನಲ್ಲಿ ಒಂದರಿಂದ ಹತ್ತರವರೆಗೆ ನಕ್ಷತ್ರ. ಹತ್ತು ಬಂದರೆ ಅದಕ್ಕೆ ‘ಡೀಮನ್’ ಎಂದು ಹೆಸರು, ಅದರೊಳಗೂ ಮತ್ತೆ ಐದು ದರ್ಜೆ.

ಈ ಶೇಕಡಾವಾರಿನ ಬಗ್ಗೆ ನಾನು ಸ್ವಲ್ಪ ನಿಂತು ಮಾತನಾಡಬೇಕು. ಒಬ್ಬ ಹುಡುಗ ಒಂದು ಲೆವೆಲನ್ನು 39 ಸಲ ಆಡಿ 39 ಸಲವೂ ಬಿದ್ದ, ನಲವತ್ತನೆಯ ಸಲ ದಾಟಿದ. ಬೇರೆ ಯಾರೂ ಅದನ್ನು ಆಡಿಲ್ಲ ಎಂದುಕೊಳ್ಳಿ. ಲೆಕ್ಕ ಎಷ್ಟಾಯಿತು? ನೂರಕ್ಕೆ ಎರಡೂವರೆ. ಸಂಖ್ಯೆಯನ್ನಷ್ಟೇ ನೋಡಿದವರು ‘ಅಯ್ಯೋ, ನೂರಕ್ಕೆ ತೊಂಬತ್ತೇಳೂವರೆ ಸೋಲು’ ಎನ್ನುತ್ತಾರೆ. ಆದರೆ ಅಲ್ಲಿ ಸೋತವರು ಯಾರಿದ್ದಾರೆ? ಆಡಿದ ಹುಡುಗ ಒಬ್ಬನೇ, ಅವನು ದಾಟಿದ್ದಾನೆ. ಆ ಎರಡೂವರೆ ಎಂಬ ಅಂಕ ಲೆವೆಲಿನ ಹಣೆಯ ಮೇಲೆ ಬರೆದದ್ದು, ಹುಡುಗನ ಹಣೆಯ ಮೇಲೆ ಅಲ್ಲ.

ನಮ್ಮ ಶಾಲೆಗಳಲ್ಲಿ ಇದೇ ಅಂಕವನ್ನು ನಾವು ಯಾರ ಹಣೆಗೆ ಅಂಟಿಸುತ್ತೇವೆ, ನೀವೇ ಯೋಚಿಸಿ. ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ನಪಾಸಾದಳು. ಒಂದೇ ಪ್ರಯತ್ನ. ಪೂರಕ ಪರೀಕ್ಷೆಯ ಫೀ ಕಟ್ಟಲು ಬಾಬಾ ತಯಾರಿದ್ದರು. ‘ಆಕೀಗೆ ಲೆಕ್ಕ ತಲಿಗೆ ಹತ್ತಂಗಿಲ್ಲ’ ಎಂದು ಮನೆಗೆ ಬಂದವರೆಲ್ಲ ಹೇಳಿದರು, ಅವಳೂ ನಂಬಿದಳು, ಮದುವೆಯಾಯಿತು. ಇವತ್ತು ಅವಳು ತನ್ನ ಊರಿನ ಸ್ವಸಹಾಯ ಸಂಘದ ಸಾಲ, ಬಡ್ಡಿ, ಕಂತಿನ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಾಳೆ. ನಲವತ್ತನೆಯ ಸಲದವರೆಗೆ ಹೋಗುವ ಮಾತು ಬಿಡಿ, ಅವಳಿಗೆ ಎರಡನೆಯ ಸಲವೂ ಸಿಗಲಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶ ಕೊಟ್ಟರು. ಅದನ್ನು ಅನೇಕರು ಟೀಕಿಸಿದರು, ಪರೀಕ್ಷೆಯ ಗೌರವ ಹೋಯಿತು ಎಂದರು. ನನಗೆ ಮಾತ್ರ ನನ್ನ ತಂಗಿ ನೆನಪಾದಳು.

ಅದೇ ವರ್ಷದ ಇನ್ನೊಂದು ಸಂಗತಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರ ಮೊದಲ ಪರೀಕ್ಷೆಯಲ್ಲಿ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ರಾಜ್ಯದ ಮಕ್ಕಳ ಬುದ್ಧಿ ಹತ್ತು ಪಾಲು ಕಡಿಮೆಯಾಯಿತೇ? ನಿಮಗೂ ಗೊತ್ತು, ಇಲ್ಲ. ಅಳೆಯುವ ರೀತಿ ಬದಲಾದರೆ ಅಂಕಿ ಬದಲಾಗುತ್ತದೆ.

ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೀವು ನೋಡಿದ್ದೀರಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಮಣದ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಕಲ್ಲಿನ ತೂಕ ಎತ್ತುವವನನ್ನು ನೋಡಿ ಬದಲಾಗುವುದಿಲ್ಲ, ಪೈಲ್ವಾನ ಬಂದರೂ ಅಷ್ಟೇ, ನಾನು ಹೋದರೂ ಅಷ್ಟೇ. ಪ್ರಶ್ನೆಪತ್ರಿಕೆಯೂ ಕಲ್ಲಿನ ಹಾಗೆ ಎಂದು ನಾವು ತಿಳಿದಿದ್ದೇವೆ. ಅಲ್ಲ. ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಎಂಟನೆಯ ತರಗತಿಗೆ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಬಂದ ನಮ್ಮ ಮಕ್ಕಳನ್ನು ಕೇಳಿ. ಲೆಕ್ಕ ಅದೇ, ಪತ್ರಿಕೆ ಅದೇ. ಆದರೆ ‘ಲಸಾಅ’, ‘ಮಸಾಅ’, ‘ಸರಳಬಡ್ಡಿ’, ‘ಘನಫಲ’ ಎಂಬ ಶಬ್ದಗಳ ಗುಂಡಿ ಹಾರಿದ ಮೇಲೆ ಅವರು ಲೆಕ್ಕದ ಹತ್ತಿರ ಬರಬೇಕು. ಪಕ್ಕದಲ್ಲಿ ಕುಳಿತವನಿಗೆ ಈಜಿ ಆದದ್ದು ಇವನಿಗೆ ಎಕ್ಸ್‌ಪರ್ಟ್. ನಾನು ಆ ಗುಂಡಿಯಲ್ಲಿ ಬಿದ್ದು ಎದ್ದವನು, ಪುಸ್ತಕ ಓದಿ ಹೇಳುತ್ತಿಲ್ಲ.

ಈಗ ಒಂದು ಕಥೆ. ಇದು ನಡೆದದ್ದು, 2024ರ ವಸಂತದಲ್ಲಿ ಜಗತ್ತಿನ ಅನೇಕ ಪತ್ರಿಕೆಗಳಲ್ಲಿ ಬಂತು.

ಮೊದಲ ಮಾರಿಯೋ ಮೇಕರ್ ಆಟ ವೀ ಯೂ ಎಂಬ ಯಂತ್ರದ್ದು. ಅದಕ್ಕೆ ಹೊಸ ಲೆವೆಲ್ ಸೇರಿಸುವುದನ್ನು ಕಂಪನಿ 2021ರ ಮಾರ್ಚ್ ಕೊನೆಗೆ ನಿಲ್ಲಿಸಿತು. 2024ರ ಏಪ್ರಿಲ್ 8ಕ್ಕೆ ಇಂಟರ್‌ನೆಟ್ ಸೇವೆಯನ್ನೇ ಮುಚ್ಚುವುದಾಗಿ ತಿಳಿಸಿತು. ಒಂದು ಗುಂಪಿನ ಆಟಗಾರರು ತಮ್ಮೊಳಗೆ ನಿಶ್ಚಯ ಮಾಡಿದ್ದರು: ಕಟ್ಟಿದವನನ್ನು ಬಿಟ್ಟು ಬೇರೆ ಯಾರೂ ದಾಟದ ಲೆವೆಲ್ ಒಂದೂ ಉಳಿಯಬಾರದು. ವರ್ಷಗಟ್ಟಲೆ ಅವರು ಆ ಶೂನ್ಯ ಶೇಕಡಾದ ಲೆವೆಲ್‌ಗಳನ್ನು ಹುಡುಕಿ ಹುಡುಕಿ ದಾಟಿದರು. ಸಂಬಳವಿಲ್ಲ, ಬಹುಮಾನವಿಲ್ಲ. ಯಾರೋ ಗೊತ್ತಿಲ್ಲದ ಹುಡುಗ ಕಟ್ಟಿಟ್ಟು ಮರೆತ ಒಂದು ಲೆವೆಲನ್ನು ಇನ್ನೊಬ್ಬನು ದಾಟಿದರೆ ಅವನ ಶ್ರಮಕ್ಕೆ ಗೌರವ ಸಂದಂತೆ, ಅಷ್ಟೇ. ಮಾರ್ಚ್ ಮಧ್ಯದ ಹೊತ್ತಿಗೆ ‘ದಿ ಲಾಸ್ಟ್ ಡ್ಯಾನ್ಸ್’ ಎಂಬುದೂ ಬಿತ್ತು. ಉಳಿದದ್ದು ಒಂದೇ ಒಂದು. ಅದರ ಹೆಸರು ‘ಟ್ರಿಮ್ಮಿಂಗ್ ದಿ ಹರ್ಬ್ಸ್’. 2017ರಲ್ಲಿ ಹಂಚಿದ್ದು, ಅರ್ಧ ನಿಮಿಷವೂ ಹಿಡಿಯದ ಓಟ. ಆದರೆ ಒಂದೊಂದು ಜಿಗಿತವೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯದಲ್ಲಿ ಕೂಡಿ ಬರಬೇಕು. ನುರಿತ ಆಟಗಾರರು ರಾತ್ರಿ ಹಗಲು ಬಿದ್ದರು, ಎದ್ದರು. ಆಗುತ್ತಿಲ್ಲ.

ಕಟ್ಟಿದವನು ಒಮ್ಮೆ ದಾಟಿದ್ದಾನೆ, ಇಲ್ಲದಿದ್ದರೆ ಯಂತ್ರ ಅದನ್ನು ಬಿಡುತ್ತಲೇ ಇರಲಿಲ್ಲ, ಆದ್ದರಿಂದ ಮನುಷ್ಯನಿಗೆ ಸಾಧ್ಯ ಎಂಬುದು ಅವರ ನಂಬಿಕೆ. ತಮ್ಮ ಕೈಯೇ ಕಡಿಮೆ ಎಂದುಕೊಂಡರು. ಮಾರ್ಚ್ ಮೂರನೆಯ ವಾರ ಕಳೆದ ಮೇಲೆ ಕಟ್ಟಿದವನು ಬಾಯಿ ಬಿಟ್ಟ. ಆ ಮೊದಲ ದಾಟುವಿಕೆಯನ್ನು ತಾನು ಕೈಯಿಂದ ಮಾಡಿರಲಿಲ್ಲ, ಗುಂಡಿಗಳನ್ನು ತಾನೇ ಒತ್ತುವ ಉಪಕರಣದ ಸಹಾಯದಿಂದ ಮಾಡಿಸಿದ್ದೆ ಎಂದು ಒಪ್ಪಿಕೊಂಡ.

ಏಳು ವರ್ಷ. ನೀವು ಆ ಜಾಗದಲ್ಲಿ ನಿಂತು ನೋಡಿ. ತಾನು ದಾಟದ ಗುಂಡಿಯ ಮುಂದೆ ಊರವರನ್ನೆಲ್ಲ ನಿಲ್ಲಿಸಿ ‘ಹಾರಿ’ ಎಂದವನ ಮೇಲೆ ಸಿಟ್ಟು ಬರುವುದಿಲ್ಲವೇ? ಆ ಗುಂಪಿನವರು ಆ ಲೆವೆಲ್ ನಿಯಮ ಮೀರಿದ್ದು, ಅದು ಲೆಕ್ಕಕ್ಕಿಲ್ಲ, ನಮ್ಮ ಕೆಲಸ ಮುಗಿದಿದೆ ಎಂದು ಘೋಷಿಸಿದರು. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಏಪ್ರಿಲ್ 5ರಂದು, ಬಾಗಿಲು ಮುಚ್ಚಲು ಮೂರು ದಿನ ಇರುವಾಗ, ಒಬ್ಬ ಆಟಗಾರ ಅದನ್ನು ತನ್ನ ಬರಿಗೈಯಿಂದ ದಾಟಿಯೇಬಿಟ್ಟ. ಯಂತ್ರಕ್ಕೆಂದು ತೋಡಿದ ಗುಂಡಿಯನ್ನು ಮನುಷ್ಯ ಹಾರಿದ. ಅವನ ಸಾಧನೆ ದೊಡ್ಡದು. ಆದರೆ ಅವನು ಹಾರಿದ ಮಾತ್ರಕ್ಕೆ ಕಟ್ಟಿದವನು ಮಾಡಿದ್ದು ಸರಿಯಾಗುವುದಿಲ್ಲ. ‘ನೋಡಿ, ಒಬ್ಬ ದಾಟಿದನಲ್ಲ, ಉಳಿದವರಿಗೆ ಏನು ರೋಗ?’ ಎಂಬ ಮಾತನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ!

ಈ ತರಹದ ಸವಾಲು ಹೊಸದಲ್ಲ. ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಅಬೂ ಬಕ್ರ್ ಅಸ್ಸೂಲಿ ಎಂಬ ವಿದ್ವಾಂಸರಿದ್ದರು. ಚರಿತ್ರೆ ಬರೆದವರು, ಅರಮನೆಯ ಸಹವಾಸದವರು. ನಮ್ಮ ದೇಶದ ಚತುರಂಗ ಪರ್ಷಿಯಾದ ಮೂಲಕ ಅರಬರಿಗೆ ಹೋಗಿ ಶತ್‌ರಂಜ್ ಆಗಿತ್ತು. ಖಲೀಫ ಅಲ್ ಮುಕ್ತಫಿಯವರ ಎದುರಿಗೆ ಆಸ್ಥಾನದ ಆಟಗಾರನನ್ನು ಸೋಲಿಸಿ ಅಸ್ಸೂಲಿ ಹೆಸರಾದರು. ಕಾಯಿಗಳನ್ನು ಇಂತಿಂಥಲ್ಲಿ ಇಟ್ಟಿದೆ, ಇಲ್ಲಿಂದ ಗೆದ್ದು ತೋರಿಸಿ ಎನ್ನುವ ಸಮಸ್ಯೆಗಳನ್ನು ಆಗ ಕಟ್ಟುತ್ತಿದ್ದರು. ಅದು ಅಂದಿನ ಲೆವೆಲ್ ಕಟ್ಟುವ ಕೆಲಸವೇ. ಅಸ್ಸೂಲಿಯವರು ಒಂದು ಸಮಸ್ಯೆ ಇಟ್ಟು, ನಾನು ಕಲಿಸಿಕೊಟ್ಟವರ ಹೊರತು ಇದನ್ನು ಬಿಡಿಸಿದವರನ್ನು ಕಂಡಿಲ್ಲ ಎಂಬರ್ಥದ ಮಾತು ಬರೆದರು. ಉತ್ತರ ಬರೆದಿಡಲಿಲ್ಲ. ಸಾವಿರ ವರ್ಷ ಅದು ಹಾಗೆಯೇ ಉಳಿದು, ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್‌ಬಾಖ್ ಅವರ ಕೈಯಲ್ಲಿ ಬಿಡಿಸಿತು. ಬಿಡಿಸಲು ದಾರಿ ನಿಜಕ್ಕೂ ಇತ್ತು! ಅಸ್ಸೂಲಿ ತಾವು ದಾಟದ ಗುಂಡಿಯನ್ನು ತೋಡಿರಲಿಲ್ಲ.

ಅಂದಿನ ಆಟಗಾರರಿಗೆ ಐದು ದರ್ಜೆಗಳಿದ್ದವು. ಎಲ್ಲಕ್ಕಿಂತ ಮೇಲಿನವರು ‘ಆಲಿಯಾ’. ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ ಆ ದರ್ಜೆಯ ಉಪಯೋಗ. ಮೇಲಿನವನು ಕೆಳಗಿನವನೊಡನೆ ಆಡುವಾಗ ತನ್ನ ಕಾಯಿ ಬಿಟ್ಟುಕೊಟ್ಟು ಆಡುತ್ತಿದ್ದ. ಹತ್ತಿರದ ದರ್ಜೆಯವನಿಗೆ ಒಂದು ಪದಾತಿ, ಇನ್ನೂ ಕೆಳಗಿನವನಿಗೆ ಅದಕ್ಕಿಂತ ದೊಡ್ಡ ಕಾಯಿ. ನೀನು ಯಾವ ದರ್ಜೆ ಎಂದು ಕೇಳುವುದು ನಿನಗೆ ಎಷ್ಟು ಬಿಟ್ಟುಕೊಡಬೇಕು ಎಂದು ತಿಳಿಯಲು. ಇಂದು ಚೆಸ್‌ನಲ್ಲಿ ನಡೆಯುವ ರೇಟಿಂಗ್ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾದ್ ಎಲೋ ಅವರದು. ವಿಶ್ವ ಚೆಸ್ ಸಂಸ್ಥೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 400 ಅಂಕ ಅಂತರವಿದ್ದರೆ ಮೇಲಿನವನಿಗೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರಬೇಕು ಎಂದು ಅದರ ಲೆಕ್ಕ. ಆದ್ದರಿಂದ ಅವನು ಗೆದ್ದರೆ ಸಿಗುವುದು ಅತ್ಯಲ್ಪ, ಕೆಳಗಿನವನು ಗೆದ್ದರೆ ಅವನಿಗೆ ರಾಶಿ ಅಂಕ. ಇಲ್ಲಿಯೂ ಎದುರಾಳಿ ಯಾರು ಎಂದು ನೋಡದೆ ಅಂಕ ಕೊಡುವುದಿಲ್ಲ.

ಇನ್ನು ಓಟದ ಮಾತಿಗೆ ಬರೋಣ, ಸ್ಪರ್ಧೆ ಎಂಬ ನನ್ನ ವಿಷಯ ಅದೇ ತಾನೇ.

ಕಟ್ಟಿದ ಲೆವೆಲ್‌ಗಳಲ್ಲಿ ನಾಲ್ವರು ಒಟ್ಟಿಗೆ ಓಡುವ ಆಟ ‘ಪ್ಲಾಟ್‌ಫಾರ್ಮ್ ರೇಸಿಂಗ್ 2’ ಎಂಬ ಹೆಸರಿನಲ್ಲಿ 2008ರಲ್ಲಿಯೇ ಇತ್ತು. ಮಾರಿಯೋ ಮೇಕರ್ 2ರಲ್ಲಿಯೂ ಬಂತು. ಜಗತ್ತಿನ ನಾಲ್ಕು ಮೂಲೆಯ ನಾಲ್ವರು ಒಂದೇ ಲೆವೆಲ್‌ಗೆ ಇಳಿಯುತ್ತಾರೆ. ಮೊದಲು ಕಂಬ ಮುಟ್ಟಿದವನು ಗೆದ್ದ, ಆಟ ಅಲ್ಲಿಗೆ ಮುಗಿಯಿತು. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ‘ಡಿ’ಯಿಂದ ಶುರುವಾಗಿ ಸಿ, ಬಿ, ಎ, ಎಸ್, ಎಸ್ ಪ್ಲಸ್ ಎಂದು ದರ್ಜೆಗಳು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಾನೂ ಆಡಿದ್ದೇನೆ. ‘ಡಿ’ ಬಿಟ್ಟು ಮೇಲೆ ಏಳಲಿಲ್ಲ ಎಂಬುದನ್ನು ಈ ವೇದಿಕೆಯ ಮೇಲೆ ಪ್ರಾಂಜಲವಾಗಿ ಒಪ್ಪಿಕೊಳ್ಳುತ್ತೇನೆ.

ಆಡುವಾಗ ಎರಡು ಸಂಗತಿ ಗಮನಿಸಿದೆ. ಒಬ್ಬನಿಗೆಂದು ಕಟ್ಟಿದ ಒಳ್ಳೆಯ ಲೆವೆಲ್ ನಾಲ್ವರ ಓಟಕ್ಕೆ ಹಾಳು. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರ ತಲೆಯ ಮೇಲೆ ಒಬ್ಬರು ಹಾರಿ, ದೂಡಿ, ಗುಂಡಿಗೆ ಬೀಳುತ್ತಾರೆ. ಅಲ್ಲಿ ಗೆಲ್ಲುವವನು ಜಾಣನೇ ಆಗಬೇಕೆಂದಿಲ್ಲ, ಮೊದಲು ಒಳಗೆ ನುಗ್ಗಿದವನು ಗೆಲ್ಲುತ್ತಾನೆ. ಆದ್ದರಿಂದ ಓಟಕ್ಕೆಂದೇ ಕಟ್ಟುವವರು ಅದಕ್ಕೆ ಬೇರೆ ಗುರುತು ಹಚ್ಚುತ್ತಾರೆ, ದಾರಿ ಅಗಲ ಇಡುತ್ತಾರೆ, ಮೇಲೊಂದು ಕೆಳಗೊಂದು ದಾರಿ ಕೊಡುತ್ತಾರೆ, ಹಿಂದೆ ಬಿದ್ದವನಿಗೆ ಕೂಡಿಕೊಳ್ಳಲು ಅವಕಾಶ ಬಿಡುತ್ತಾರೆ. ಎರಡನೆಯದು ನೆಟ್‌ವರ್ಕ್. ನಾಲ್ವರಲ್ಲಿ ಒಬ್ಬನ ಇಂಟರ್‌ನೆಟ್ ನಿಧಾನವಾದರೆ ನಾಲ್ವರ ಆಟವೂ ತಡೆದು ತಡೆದು ಓಡುತ್ತದೆ. ಆಗ ಮೂವರು ಸೇರಿ ಅವನನ್ನು ಶಪಿಸುತ್ತಾರೆ. ಅವನೇನು ಮಾಡಿಯಾನು? ಅವನ ಊರಿಗೆ ಬಂದ ತಂತಿಯೇ ಅಷ್ಟು. 2020 ಮತ್ತು 2021ರಲ್ಲಿ ಕೊರೋನಾ ಕಾಲದ ಆನ್‌ಲೈನ್ ತರಗತಿಗಳಲ್ಲಿ ಸಿಗ್ನಲ್ ಹುಡುಕಿ ಮಾಳಿಗೆ ಹತ್ತಿ ಕುಳಿತ ಮಕ್ಕಳು ಇಲ್ಲಿಯೇ ಇದ್ದಾರೆ, ಅವರಿಗೆ ಈ ಮಾತು ವಿವರಿಸಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಅದೇ ಭೀಮಾ ನದಿಗೆ ಮಹಾಪೂರ ಬಂದದ್ದನ್ನೂ ನೆನೆಯಿರಿ. ಅಂಥ ವರ್ಷದ ಅಂಕಪಟ್ಟಿಯನ್ನು ಯಾವ ಊರಿನ ಅಂಕಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸುವುದು?

ಅದೇ ಆಟಕ್ಕೆ 2019ರ ಡಿಸೆಂಬರಿನಲ್ಲಿ ಇನ್ನೊಂದು ಬಗೆಯ ಓಟ ಸೇರಿಸಿದರು. ‘ನಿಂಜಿ ಸ್ಪೀಡ್‌ರನ್’ ಎಂದು ಅದರ ಹೆಸರು. ನೀವು ಒಬ್ಬರೇ ಓಡುತ್ತೀರಿ. ಬೇರೆಯವರು ಮೊದಲು ಓಡಿದ ಓಟಗಳು ನಿಮ್ಮ ಪಕ್ಕದಲ್ಲಿ ನೆರಳಿನ ಹಾಗೆ ಓಡುತ್ತವೆ. ಅವು ನಿಮ್ಮನ್ನು ದೂಡಲಾರವು, ನೀವು ಅವನ್ನು ತಡೆಯಲಾರಿರಿ. ಬಿದ್ದರೆ ಮತ್ತೆ ಮೊದಲಿನಿಂದ. ಎಷ್ಟು ಸಲವಾದರೂ ಓಡಬಹುದು, ಉಳಿಯುವುದು ನಿಮ್ಮ ಉತ್ತಮ ಸಮಯ. ಮುಂದಿನವನು ಎಲ್ಲಿ ಹೇಗೆ ಹಾರಿದ ಎಂಬುದು ಕಣ್ಣೆದುರೇ ಕಾಣುವುದರಿಂದ ನೋಡಿ ಕಲಿಯುವುದಕ್ಕೂ ಆಗುತ್ತದೆ.

ರೈತ ಬಾಂಧವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಜಾತ್ರೆಯಲ್ಲಿ ಗಾಡಿ ಓಡಿಸುವ ಶರ್ಯತ್ತು ಬೇರೆ, ತೆರಬಂಡಿ ಬೇರೆ. ಗಾಡಿ ಶರ್ಯತ್ತಿನಲ್ಲಿ ಧೂಳು, ಕೂಗಾಟ, ಒಬ್ಬರ ಗಾಲಿಗೆ ಒಬ್ಬರ ಗಾಲಿ. ತೆರಬಂಡಿಯಲ್ಲಿ ಒಂದೊಂದೇ ಜೋಡಿ ಎತ್ತು ಬರುತ್ತದೆ. ಅದೇ ಕಲ್ಲು, ಅದೇ ನೆಲ, ಅದೇ ಸಮಯ. ಎಷ್ಟು ಫೂಟು ಎಳೆಯಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಅದರಲ್ಲಿಯೂ ಎಳೆಗರುಗಳನ್ನು ಬಲಿತ ಎತ್ತಿನ ಜೊತೆ ಸೇರಿಸುವುದಿಲ್ಲ, ಹಲ್ಲು ನೋಡಿ ಬೇರೆ ಬೇರೆ ವಿಭಾಗ ಮಾಡುತ್ತಾರೆ. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವ ತಾಳ್ಮೆ ಇರುವ ನಾವು ಮಕ್ಕಳ ವಿಷಯದಲ್ಲಿ ಅಷ್ಟು ತಾಳ್ಮೆ ತೋರಿದ್ದೇವೆಯೇ?

ನಾನು ಮೊದಲೇ ಹೇಳಬೇಕಾಗಿದ್ದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ನಾನು ಓದಿದ ಒಂದು ಶಾಲೆಯಲ್ಲಿ, ಹೆಸರು ಬೇಡ, ಆ ಗುರುಗಳೂ ಈಗಿಲ್ಲ, ತರಗತಿಯಲ್ಲಿ ಎರಡು ಸಾಲುಗಳಿದ್ದವು. ಶಾಣ್ಯಾರ ಸಾಲು, ದಡ್ಡರ ಸಾಲು. ನಾನು ದಡ್ಡರ ಸಾಲಿನಲ್ಲಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಗೆಳೆಯ ಕೂಡುತ್ತಿದ್ದ. ಒಮ್ಮೆ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಒಂದು ಹೌದಿಗೆ ಎರಡು ನಳ. ಒಂದು ನಳ ಹೌದನ್ನು 6 ತಾಸಿನಲ್ಲಿ ತುಂಬುತ್ತದೆ. ಇನ್ನೊಂದು ತುಂಬಿದ ಹೌದನ್ನು 4 ತಾಸಿನಲ್ಲಿ ಖಾಲಿ ಮಾಡುತ್ತದೆ. ಹೌದು ಖಾಲಿ ಇದ್ದಾಗ ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ತಾಸಿನಲ್ಲಿ ತುಂಬುತ್ತದೆ?

ಇಲ್ಲಿ ಕುಳಿತವರಲ್ಲಿ ಕೆಲವರು ಆಗಲೇ ಬೆರಳು ಮಡಚುತ್ತಿದ್ದೀರಿ. ಶಾಣ್ಯಾರ ಸಾಲಿನವರು ಆರರಲ್ಲಿ ಒಂದು, ನಾಲ್ಕರಲ್ಲಿ ಒಂದು, ಕಳೆದರೆ ಹನ್ನೆರಡರಲ್ಲಿ ಒಂದು, ಆದ್ದರಿಂದ 12 ತಾಸು ಎಂದು ಬರೆದರು. ಗುರುಗಳ ಹತ್ತಿರವಿದ್ದ ಉತ್ತರವೂ 12 ಇತ್ತು. ನನ್ನ ಗೆಳೆಯ ಒಂದೇ ಸಾಲು ಬರೆದಿದ್ದ: ‘ತುಂಬುವುದಿಲ್ಲ.’ ಅವನಿಗೆ ಸೊನ್ನೆ ಬಂತು, ಅಂಗೈಗೆ ಬೆತ್ತದ ಏಟೂ ಬಿತ್ತು. “ಬರೋ ನೀರಿಗಿಂತ ಹೋಗೋ ನೀರು ಜಾಸ್ತಿ ಐತ್ರಿ ಸರ, ಹ್ಯಾಂಗ ತುಂಬತೈತ್ರಿ?” ಎಂದು ಕೇಳಿದ. ಅದಕ್ಕೆ ಇನ್ನೊಂದು ಏಟು. ಆರು ಮತ್ತು ನಾಲ್ಕು ಅದಲು ಬದಲಾಗಿದ್ದವು, ಅಷ್ಟೇ. 4 ತಾಸಿನಲ್ಲಿ ತುಂಬಿ 6 ತಾಸಿನಲ್ಲಿ ಖಾಲಿಯಾಗುವ ನಳಗಳಿದ್ದಿದ್ದರೆ 12 ಸರಿಯೇ. ಪತ್ರಿಕೆ ಬರೆದವರು ತಾವು ಒಮ್ಮೆ ಕುಳಿತು ಅದನ್ನು ಬಿಡಿಸಿದ್ದರೆ ಸಾಕಿತ್ತು. ನಾನು ಪಕ್ಕದಲ್ಲಿದ್ದೆ, ಅವನು ಬರೆದದ್ದು ಸರಿ ಎಂದು ನನಗೆ ಒಳಗೆ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಆ ವರ್ಷದ ಬೇಸಿಗೆಯ ನಂತರ ಅವನು ಶಾಲೆಗೆ ಬರಲಿಲ್ಲ. ಇಂದು ಅವನು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಯಾವ ಬಾವಿಯಲ್ಲಿ ಎಷ್ಟು ತಾಸು ಮೋಟಾರು ಓಡಿದರೆ ನೀರು ತಳ ಕಾಣುತ್ತದೆ ಎಂದು ನೋಡಿಯೇ ಹೇಳಬಲ್ಲ. ರೈತರು ಅವನ ಮಾತು ನಂಬುತ್ತಾರೆ.

ಇಂದು ಪುರಸ್ಕಾರ ಪಡೆದ ಮಕ್ಕಳನ್ನು ನಾನು ಮನಃಪೂರ್ವಕ ಅಭಿನಂದಿಸುತ್ತೇನೆ. ಅವರ ಶ್ರಮ ದೊಡ್ಡದು, ಅವರ ತಾಯಂದಿರ ಶ್ರಮ ಅದಕ್ಕಿಂತ ದೊಡ್ಡದು. ಸಂಘದವರಲ್ಲಿ ನನ್ನದೊಂದು ವಿನಂತಿ ಇತ್ತು. ಸಂಘ ನಡೆಸುವ ಸಂಜೆಯ ಪಾಠದ ಕೋಣೆಯಲ್ಲಿ ಮಕ್ಕಳ ಹೆಸರು ಮತ್ತು ರ‍್ಯಾಂಕಿನ ಪಟ್ಟಿಯ ಬದಲು ಲೆಕ್ಕಗಳ ಪಟ್ಟಿ ತೂಗುಹಾಕಿ. ಪ್ರತಿ ಲೆಕ್ಕದ ಮುಂದೆ ಎಷ್ಟು ಸಲ ಪ್ರಯತ್ನವಾಯಿತು, ಎಷ್ಟು ಸಲ ದಾಟಿತು ಎಂದು ಮಕ್ಕಳೇ ಗೆರೆ ಎಳೆಯಲಿ. ಹೆಸರು ಬೇಡ, ಗೆರೆ ಸಾಕು. ಯಾವ ಲೆಕ್ಕದ ಮುಂದೆ ಗೆರೆಗಳು ಬಹಳ, ದಾಟಿದ್ದು ಕಡಿಮೆಯೋ ಆ ಲೆಕ್ಕವನ್ನು ಮರುದಿನ ಕಲಿಸಲಿ, ಶಬ್ದ ಕಠಿಣವಾಗಿದ್ದರೆ ಉರ್ದುವಿನಲ್ಲಿ ಹೇಳಿ ಕನ್ನಡದಲ್ಲಿ ಬರೆಸಲಿ. ಲೆಕ್ಕ ಕೊಡುವ ಗುರುಗಳು ಮೊದಲು ತಾವು ಅದನ್ನು ಬಿಡಿಸಿ, ಹಾಳೆಯ ಹಿಂದೆ ಸಹಿ ಹಾಕಿರಬೇಕು. ಕಾರ್ಯದರ್ಶಿಯವರು ಒಪ್ಪಿದರು. ಎರಡು ತಿಂಗಳಿಂದ ಅದು ನಡೆದಿದೆ.

ಆ ಗೋಡೆಯ ಮೇಲಿನ ಮೊದಲ ಲೆಕ್ಕ ನಾನು ಕೊಟ್ಟದ್ದು. ಎರಡು ನಳದ ಹೌದು, ಅಂದಿನ ಅದೇ ಅಂಕಿಗಳು, ತಿದ್ದದೆ ಹಾಗೆಯೇ ಇಟ್ಟಿದ್ದೇನೆ. ಉತ್ತರ ಬಿಡಿಸಿ ಹಿಂದೆ ಸಹಿ ಮಾಡಿದ್ದೇನೆ. ಬಹಳ ಗೆರೆಗಳು ಬಿದ್ದವು, ಎಲ್ಲರೂ 12ಕ್ಕೆ ಹೋಗಿ ನಿಂತರು. ಮೊನ್ನೆ ಇಬ್ಬರು ಹುಡುಗಿಯರು ಬಂದು “ಸರ್, ಇದು ಲೆಕ್ಕ ಬರದವರು ತಪ್ಪ ಬರದಾರ್ರಿ” ಎಂದು ಹೇಳಿದರಂತೆ. ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ ಹೇಳಿದರು. ನಾನು ಆ ಪಂಪ್‌ಸೆಟ್ ಗೆಳೆಯನಿಗೆ ಫೋನ್ ಮಾಡಿದೆ. ಅವನು ಯಾವುದೋ ಹೊಲದಲ್ಲಿದ್ದ, ಮೋಟಾರಿನ ಸದ್ದಿನಲ್ಲಿ ನನ್ನ ಮಾತು ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಇವತ್ತು ಅವನನ್ನು ಬಾ ಎಂದು ಕರೆದಿದ್ದೆ. ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದಾನೆ. ಸಮಾರಂಭ ಮುಗಿದ ಮೇಲೆ ಆ ಹುಡುಗಿಯರು ದಯವಿಟ್ಟು ಹೋಗಿ ಅವರನ್ನು ಮಾತನಾಡಿಸಿ.